ಲೆಸ್ಲಿ ಚಾರ್ಲ್ಸ್ ಕೋಲ್ಮನ್

ಲೆಸ್ಲಿ ಚಾರ್ಲ್ಸ್ ಕೋಲ್ಮನ್ (ಜೂನ್ ೧೬, ೧೮೭೮ – ಸೆಪ್ಟೆಂಬರ್ ೧೪, ೧೯೫೪) ಕೆನಡಾ ದೇಶದ ಕೀಟಶಾಸ್ತ್ರಜ್ಞ, ಸಸ್ಯರೋಗಶಾಸ್ತ್ರಜ್ಞ ಮತ್ತು ಕೋಶವಿಜ್ಞಾನಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮೊದಲ ನಿರ್ದೇಶಕರಾಗಿದ್ದ ಇವರು ಕರ್ನಾಟಕದ ಆಧುನಿಕ ಕೃಷಿ ಸಂಶೋಧನೆಗೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರು. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಜೀವಿಯನ್ನು ವಿವರವಾಗಿ ಅಧ್ಯಯನ ಮಾಡಿ, ಅದರ ಹತೋಟಿಗೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದದ್ದು ಇವರ ಅತ್ಯಂತ ಪ್ರಸಿದ್ಧ ಕೆಲಸ. ಇವರ ಪ್ರಯೋಗಗಳು ನಡೆದದ್ದು ಘಟ್ಟದ ಮೇಲಿನ ಮಲೆನಾಡಿನಲ್ಲಿ. ಆದರೂ ಘಟ್ಟದ ಕೆಳಗಿನ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೊದಲಾದ ಕಡೆಗಳ ಅಡಿಕೆ ತೋಟಗಳಲ್ಲಿ ಇಂದಿಗೂ ಪ್ರತಿ ಮಳೆಗಾಲದಲ್ಲಿ ನಡೆಯುವ ಔಷಧಿ ಸಿಂಪಡಣೆ ಅದೇ ಪದ್ಧತಿಯ ಮುಂದುವರಿಕೆಯಾಗಿದೆ. ಮೈಸೂರಿನಲ್ಲಿ ಮಿಡತೆಗಳ ಹಾವಳಿಯನ್ನು ಕುರಿತು ಅಧ್ಯಯನ ಮಾಡಿದ್ದ ಕೋಲ್ಮನ್, ನಿವೃತ್ತಿಯ ನಂತರ ಮಿಡತೆಗಳ ವರ್ಣತಂತುಗಳನ್ನು ಕುರಿತು ತಳಿವಿಜ್ಞಾನದ ಸಂಶೋಧನೆ ನಡೆಸಿದರು.

ಜನನ ಮತ್ತು ವಿದ್ಯಾಭ್ಯಾಸ

ಕೋಲ್ಮನ್ ೧೮೭೮ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತದ ಡರ್ಹಮ್ ಕೌಂಟಿಯಲ್ಲಿ ಜನಿಸಿದರು. ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಗೆ ತೆರಳಿ ಗಾಟಿಂಗೆನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿ ಪಡೆದರು. ಮಣ್ಣಿನ ಸೂಕ್ಷ್ಮಜೀವಿಗಳಿಂದ ನಡೆಯುವ ನೈಟ್ರೀಕರಣ ಕ್ರಿಯೆಯನ್ನು ಕುರಿತ ಇವರ ಜರ್ಮನ್ ಭಾಷೆಯ ಪ್ರಬಂಧವು ೧೯೦೮ರಲ್ಲಿ ಪ್ರಕಟವಾಯಿತು. ಹೀಗೆ ಸೂಕ್ಷ್ಮಜೀವಿ, ಸಸ್ಯ ಮತ್ತು ಪ್ರಾಣಿ ಈ ಮೂರೂ ಕ್ಷೇತ್ರಗಳ ಪ್ರಯೋಗಾಲಯದ ಅನುಭವ ಇವರಿಗೆ ಯೌವನದಲ್ಲಿಯೇ ದೊರೆತಿತ್ತು. ಒಬ್ಬನೇ ವಿಜ್ಞಾನಿ ಶಿಲೀಂಧ್ರಗಳನ್ನೂ ಕೀಟಗಳನ್ನೂ ನೋಡಿಕೊಳ್ಳಬೇಕಾಗಿದ್ದ ಮೈಸೂರಿನ ಹುದ್ದೆಗೆ ಇದು ತಕ್ಕ ಸಿದ್ಧತೆಯಾಯಿತು.

ಮೈಸೂರಿಗೆ ಆಗಮನ

ಮೈಸೂರು ಸಂಸ್ಥಾನದಲ್ಲಿ ವೈಜ್ಞಾನಿಕ ಕೃಷಿಯ ಪ್ರಯತ್ನವು ಕೋಲ್ಮನ್ ಅವರಿಗಿಂತ ಮೊದಲೇ ಆರಂಭವಾಗಿತ್ತು. ೧೮೯೯ರಲ್ಲಿ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಪ್ರಯೋಗಗಳಿಗಾಗಿ ೩೦ ಎಕರೆ ಭೂಮಿಯನ್ನು ನೀಡಿದ್ದರು. ಕೆನಡಾದವರೇ ಆದ ರಸಾಯನಶಾಸ್ತ್ರಜ್ಞ ಅಡಾಲ್ಫ್ ಲೇಮನ್ ಅಲ್ಲಿ ಮಣ್ಣು ಮತ್ತು ಗೊಬ್ಬರಗಳ ಪರೀಕ್ಷೆಗಳನ್ನು ನಡೆಸುತ್ತಿದ್ದರು. ಬೆಳೆಗಳಿಗೆ ತಗಲುವ ರೋಗ ಮತ್ತು ಕೀಟಗಳ ಅಧ್ಯಯನಕ್ಕೆ ಪ್ರತ್ಯೇಕ ತಜ್ಞರ ಅಗತ್ಯ ಕಂಡುಬಂದಾಗ, ೧೯೦೮ರಲ್ಲಿ ಕೋಲ್ಮನ್ ಸಂಸ್ಥಾನದ ಶಿಲೀಂಧ್ರಶಾಸ್ತ್ರಜ್ಞ ಹಾಗೂ ಕೀಟಶಾಸ್ತ್ರಜ್ಞರಾಗಿ ನೇಮಕಗೊಂಡರು. ಆಗ ಅವರ ವಯಸ್ಸು ಮೂವತ್ತು.

ಅಡಿಕೆಯ ಕೊಳೆರೋಗ

ಕೋಲ್ಮನ್ ಕೈಗೆತ್ತಿಕೊಂಡ ಮೊದಲ ದೊಡ್ಡ ಸಮಸ್ಯೆ ಮಲೆನಾಡಿನ ಅಡಿಕೆಯ ಕೊಳೆರೋಗ. ಮುಂಗಾರಿನ ತಿಂಗಳುಗಳಲ್ಲಿ ಎಳೆಯ ಕಾಯಿಗಳ ತೊಟ್ಟಿನ ಸಮೀಪ ನೀರಿನಲ್ಲಿ ನೆನೆದಂತಹ ಕಲೆಗಳು ಕಾಣಿಸಿಕೊಂಡು, ಕಾಯಿಗಳು ಕೊಳೆತು ಉದುರುವುದು ಈ ರೋಗದ ಲಕ್ಷಣ. ಉದುರಿದ ಕಾಯಿಗಳ ಮೇಲೆ ಬಿಳಿಯ ಬೂಷ್ಟು ಬೆಳೆಯುತ್ತದೆ. ಸತತ ಮಳೆ, ತಂಪು ಹವೆ ಮತ್ತು ನಡುನಡುವೆ ಬೀಳುವ ಬಿಸಿಲು ರೋಗದ ಹರಡುವಿಕೆಗೆ ಅನುಕೂಲ. ರೋಗ ತೀವ್ರವಾದ ವರ್ಷದಲ್ಲಿ ತೋಟದ ಫಸಲಿನ ಬಹುಭಾಗ ಕೆಲವೇ ವಾರಗಳಲ್ಲಿ ನೆಲದ ಪಾಲಾಗುತ್ತಿತ್ತು. ಅಡಿಕೆಯೊಂದನ್ನೇ ನಂಬಿದ ಕುಟುಂಬಗಳಿಗೆ ಇದು ಒಂದು ವರ್ಷದ ಆದಾಯದ ನಷ್ಟ ಮತ್ತು ಸಾಲದ ಹೊರೆ ಎಂದೇ ಅರ್ಥ. ಮಳೆ ಆರಂಭವಾಗುವ ಮೊದಲು ಗೊನೆಗಳಿಗೆ ಕೊಟ್ಟೆ ಕಟ್ಟಿ ನೀರು ತಾಗದಂತೆ ಕಾಪಾಡುವುದು ಬೆಳೆಗಾರರು ಪರಂಪರೆಯಿಂದ ಕಂಡುಕೊಂಡಿದ್ದ ಉಪಾಯ. ಅದು ಪರಿಣಾಮಕಾರಿಯಾಗಿದ್ದರೂ ಪ್ರತಿ ಮರಕ್ಕೂ ಹತ್ತಿ ಪ್ರತಿ ಗೊನೆಗೂ ಕಟ್ಟಬೇಕಾದ ದುಬಾರಿ ಕೆಲಸವಾಗಿತ್ತು.

ಕೋಲ್ಮನ್ ಈ ರೋಗದ ಜೀವಿಯನ್ನು ಪ್ರತ್ಯೇಕಿಸಿ ಬೆಳೆಸಿ, ಅದನ್ನು ಫೈಟಾಫ್ತೊರಾ ಆಮ್ನಿವೊರಾ ಪ್ರಭೇದದ ಅರೇಕೇ ಎಂಬ ಬಗೆಯೆಂದು ವಿವರಿಸಿದರು. ಈ ಅಧ್ಯಯನವು ೧೯೧೦ರಲ್ಲಿ ಸಂಸ್ಥಾನದ ಕೃಷಿ ಇಲಾಖೆಯ ಶಿಲೀಂಧ್ರಶಾಸ್ತ್ರ ಮಾಲೆಯಲ್ಲಿ ಪ್ರಕಟವಾಯಿತು. ೧೯೧೩ರಲ್ಲಿ ಐರ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಸಸ್ಯರೋಗಶಾಸ್ತ್ರಜ್ಞ ಪೆಥಿಬ್ರಿಜ್ ಅದನ್ನು ಫೈಟಾಫ್ತೊರಾ ಅರೇಕೇ ಎಂಬ ಸ್ವತಂತ್ರ ಪ್ರಭೇದದ ಸ್ಥಾನಕ್ಕೇರಿಸಿದರು. ಐರ್ಲೆಂಡಿನ ಆಲೂಗೆಡ್ಡೆ ಕ್ಷಾಮಕ್ಕೆ ಕಾರಣವಾದ ಅಂಗಮಾರಿ ರೋಗದ ಜೀವಿಯೂ ಇದೇ ಕುಲಕ್ಕೆ ಸೇರಿದೆ. ನೀರಿನಲ್ಲಿ ಈಜಬಲ್ಲ ಬೀಜಕಗಳ ಮೂಲಕ ಹರಡುವುದು ಈ ಕುಲದ ವೈಶಿಷ್ಟ್ಯ. ಮಳೆಗೂ ರೋಗಕ್ಕೂ ಇರುವ ನಂಟಿನ ಕಾರಣ ಇದೇ.

ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ೧೮೮೦ರ ದಶಕದಿಂದ ಬಳಕೆಯಲ್ಲಿದ್ದ ಬೋರ್ಡೋ ದ್ರಾವಣವನ್ನು, ಅಂದರೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು, ಕೋಲ್ಮನ್ ಅಡಿಕೆ ಗೊನೆಗಳ ಮೇಲೆ ಪ್ರಯೋಗಿಸಿದರು. ಆದರೆ ಯೂರೋಪಿನ ಮಳೆಗೂ ಮಲೆನಾಡಿನ ಮಳೆಗೂ ಅಗಾಧವಾದ ವ್ಯತ್ಯಾಸವಿತ್ತು. ದ್ರಾವಣವು ನುಣುಪಾದ ಕಾಯಿಗಳ ಮೇಲೆ ನಿಲ್ಲದೆ ತೊಳೆದುಹೋಗದಂತೆ ಮಾಡಲು ರಾಳ ಮತ್ತು ಸೋಡವನ್ನು ಕುದಿಸಿ ತಯಾರಿಸಿದ ಅಂಟನ್ನು ಬೆರೆಸುವ ಕ್ರಮ ರೂಢಿಗೆ ಬಂದಿತು. ಎತ್ತರದ ಮರಗಳ ತುದಿಗೆ ಔಷಧಿ ತಲುಪಿಸಲು ಮರವೇರುವ ಕೊನೆಗಾರರ ಕೌಶಲ್ಯವೇ ಆಧಾರವಾಯಿತು. ವಿದೇಶದ ಔಷಧಿಯೊಂದು ಸ್ಥಳೀಯ ಅಂಟು ಮತ್ತು ಸ್ಥಳೀಯ ಕಸುಬಿನ ನೆರವಿನಿಂದ ಅಡಿಕೆ ತೋಟಕ್ಕೆ ಒಗ್ಗಿದ್ದು ಹೀಗೆ.

ಈ ರೋಗದ ಅಧ್ಯಯನವನ್ನು ಕೋಲ್ಮನ್ ಅವರ ಇಲಾಖೆಯ ಎಂ. ಜೆ. ನರಸಿಂಹನ್ ಮುಂದುವರಿಸಿದರು. ಫೈಟಾಫ್ತೊರಾದಲ್ಲಿ ಎರಡು ಭಿನ್ನ ಎಳೆಗಳು ಕೂಡಿದಾಗ ಮಾತ್ರ ಲೈಂಗಿಕ ಬೀಜಕಗಳು ಉಂಟಾಗುವ ಸಂಗತಿಯನ್ನು ಕುರಿತ ನರಸಿಂಹನ್ ಅವರ ಲೇಖನ ೧೯೩೦ರಲ್ಲಿ ಪ್ರಕಟವಾಯಿತು. ರೋಗಕಾರಕದ ಆನುವಂಶಿಕ ವೈವಿಧ್ಯ ಹೇಗೆ ಹುಟ್ಟುತ್ತದೆಂಬುದನ್ನು ತಿಳಿಯಲು ಇಂತಹ ಅಧ್ಯಯನಗಳು ಮುಖ್ಯವಾದವು.

ಮಿಡತೆಗಳ ಅಧ್ಯಯನ

ಕೀಟಶಾಸ್ತ್ರಜ್ಞರಾಗಿ ಕೋಲ್ಮನ್ ಮುಖ್ಯವಾಗಿ ಎರಡು ಮಿಡತೆಗಳನ್ನು ಅಧ್ಯಯನ ಮಾಡಿದರು. ಒಂದು ಬಯಲುಸೀಮೆಯ ಜೋಳದ ಬೆಳೆಗೆ ಮುತ್ತುತ್ತಿದ್ದ ಜೋಳದ ಮಿಡತೆ ಅಥವಾ ದಖನ್ ಮಿಡತೆ. ಮತ್ತೊಂದು ಗದ್ದೆಗಳಲ್ಲಿ ಕಾಣುವ ಭತ್ತದ ಮಿಡತೆ. ಇವೆರಡನ್ನೂ ಕುರಿತ ಪುಸ್ತಿಕೆಗಳು ೧೯೧೧ರಲ್ಲಿ ಇಲಾಖೆಯ ಕೀಟಶಾಸ್ತ್ರ ಮಾಲೆಯಲ್ಲಿ ಪ್ರಕಟವಾದವು. ಜೋಳದ ಮಿಡತೆಯನ್ನು ೧೯೧೦ರಲ್ಲಿ ಹೊಸ ಕುಲವೆಂದು ವಿವರಿಸಿದ ಸ್ಪೇನಿನ ಕೀಟಶಾಸ್ತ್ರಜ್ಞ ಇಗ್ನಾಸಿಯೊ ಬೊಲಿವರ್, ಕೋಲ್ಮನ್ ಅವರ ಗೌರವಾರ್ಥ ಅದಕ್ಕೆ ಕೋಲ್ಮೇನಿಯಾ ಎಂಬ ಹೆಸರಿಟ್ಟರು. ಕೋಲ್ಮೇನಿಯಾ ಸ್ಫಿನೇರಿಯಾಯ್ಡೀಸ್ ಎಂಬುದು ಇದರ ಪೂರ್ಣ ವೈಜ್ಞಾನಿಕ ನಾಮ.

ಈ ಮಿಡತೆಯ ರೆಕ್ಕೆಗಳು ಮೊಟಕಾಗಿದ್ದು ಅದಕ್ಕೆ ಹಾರಲು ಬರುವುದಿಲ್ಲ. ವರ್ಷಕ್ಕೆ ಒಂದೇ ಪೀಳಿಗೆ. ಹಿಂಗಾರಿನಲ್ಲಿ ಮಣ್ಣಿನೊಳಗೆ ಇಟ್ಟ ಮೊಟ್ಟೆಗಳು ಬೇಸಗೆಯನ್ನು ಅಲ್ಲಿಯೇ ಕಳೆದು, ಮುಂಗಾರಿನ ಮಳೆ ಬಿದ್ದ ನಂತರ ಒಡೆಯುತ್ತವೆ. ಭತ್ತದ ಮಿಡತೆಯೂ ಗದ್ದೆಯ ಬದುಗಳಲ್ಲಿ ಮೊಟ್ಟೆಯಿಟ್ಟು ಮಳೆಯೊಂದಿಗೆ ಹೊರಬರುತ್ತದೆ. ಕೀಟನಾಶಕಗಳು ಇನ್ನೂ ವ್ಯಾಪಕವಾಗಿರದ ಆ ಕಾಲದಲ್ಲಿ ಇಂತಹ ಜೀವನಚಕ್ರದ ಅರಿವೇ ಹತೋಟಿಯ ಮುಖ್ಯ ಸಾಧನವಾಗಿತ್ತು. ಹಾರಲಾರದ ಮಿಡತೆಯನ್ನು ಮರಿಯಿರುವಾಗಲೇ ಚೀಲದ ಬಲೆಗಳಿಂದ ಹಿಡಿಯಬಹುದಿತ್ತು. ಮೊಟ್ಟೆಗಳಿರುವ ನೆಲವನ್ನು ಉತ್ತು ಅಥವಾ ಬದುಗಳನ್ನು ಕೆತ್ತಿ ಅವನ್ನು ಬಿಸಿಲಿಗೆ ಒಡ್ಡಬಹುದಿತ್ತು.

ಕೀಟಗಳ ಅಧ್ಯಯನದಲ್ಲಿ ಕೋಲ್ಮನ್ ಅವರ ಮುಖ್ಯ ಸಹೋದ್ಯೋಗಿ ಕೆ. ಕುಂಞಿಕಣ್ಣನ್. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಇವರು ಮುಂದೆ ಮೈಸೂರು ಸಂಸ್ಥಾನದ ಕೀಟಶಾಸ್ತ್ರಜ್ಞರಾದರು. ಕಾಫಿ ಗಿಡಗಳ ಶಲ್ಕಕೀಟಗಳನ್ನು ಕುರಿತ ೧೯೧೮ರ ಪುಸ್ತಿಕೆಯನ್ನು ಇಬ್ಬರೂ ಸೇರಿ ಬರೆದರು.

ಕಾಫಿ ಮತ್ತು ಶ್ರೀಗಂಧ

ಕಾಫಿ ತೋಟಗಳಲ್ಲಿಯೂ ಮಳೆಗಾಲದಲ್ಲಿ ಎಲೆ ಮತ್ತು ಕಾಯಿಗಳು ಕಪ್ಪಾಗಿ ಕೊಳೆಯುವ ರೋಗವಿತ್ತು. ಅದನ್ನೂ ಜನರು ಕೊಳೆರೋಗವೆಂದೇ ಕರೆಯುತ್ತಿದ್ದರು. ಅಡಿಕೆಯ ಕೊಳೆರೋಗಕ್ಕೂ ಇದಕ್ಕೂ ಹೆಸರು ಒಂದೇ ಆದರೂ ರೋಗಕಾರಕಗಳು ಬೇರೆ. ಕನ್ನಡದ ಈ ಪದ ೧೯ನೆಯ ಶತಮಾನದಲ್ಲಿಯೇ ಕಾಫಿಯ ಶಿಲೀಂಧ್ರದ ವೈಜ್ಞಾನಿಕ ನಾಮದಲ್ಲಿ ಸೇರಿತ್ತು. ಮುಂದೆ ೧೯೫೮ರಲ್ಲಿ ಕೊಳೆರೋಗ ಎಂಬುದೇ ಒಂದು ಶಿಲೀಂಧ್ರ ಕುಲದ ಹೆಸರಾಯಿತು. ಕೋಲ್ಮನ್, ಎಂ. ಕೆ. ವೆಂಕಟರಾವ್ ಮತ್ತು ನರಸಿಂಹನ್ ಅವರೊಡಗೂಡಿ ಮೈಸೂರಿನ ಕಾಫಿಯ ಈ ಕಪ್ಪು ಕೊಳೆರೋಗವನ್ನು ಕುರಿತ ಪುಸ್ತಿಕೆಯನ್ನು ೧೯೨೩ರಲ್ಲಿ ಪ್ರಕಟಿಸಿದರು. ಕಾಫಿಗಾಗಿಯೇ ಮೀಸಲಾದ ಪ್ರಯೋಗ ಕೇಂದ್ರವು ೧೯೨೫ರಲ್ಲಿ ಬಾಳೆಹೊನ್ನೂರಿನ ಸಮೀಪ ಸ್ಥಾಪನೆಯಾಯಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಮೂಲ ಇದೇ ಕೇಂದ್ರ.

ಸಂಸ್ಥಾನದ ಬೊಕ್ಕಸಕ್ಕೆ ಮುಖ್ಯ ಆದಾಯ ತರುತ್ತಿದ್ದ ಶ್ರೀಗಂಧದ ಮರಗಳು ಸ್ಪೈಕ್ ರೋಗದಿಂದ ಸಾಯುತ್ತಿದ್ದವು. ಈ ರೋಗಕ್ಕೆ ಮಣ್ಣು ಅಥವಾ ಹವೆ ಕಾರಣವೋ, ಅದು ಸಾಂಕ್ರಾಮಿಕವೋ ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯವಿತ್ತು. ಕೋಲ್ಮನ್ ರೋಗಪೀಡಿತ ಮರದ ಕಡ್ಡಿಯನ್ನು ಆರೋಗ್ಯವಂತ ಗಿಡಕ್ಕೆ ಕಸಿ ಮಾಡಿ ರೋಗ ದಾಟುವುದನ್ನು ತೋರಿಸಿದರು. ಈ ಫಲಿತಾಂಶವು ೧೯೧೭ರಲ್ಲಿ ಪ್ರಕಟವಾಯಿತು. ರೋಗಕಾರಕವು ವೈರಸ್ ಇರಬೇಕೆಂಬ ಭಾವನೆ ಬಹುಕಾಲ ಉಳಿಯಿತು. ಅದು ಫೈಟೊಪ್ಲಾಸ್ಮಾ ಗುಂಪಿನ ಸೂಕ್ಷ್ಮಜೀವಿಯೆಂದು ಗೊತ್ತಾದದ್ದು ೧೯೬೦ರ ದಶಕದ ಕೊನೆಯಲ್ಲಿ.

ವೈಜ್ಞಾನಿಕ ಸಭೆಗಳು ಮತ್ತು ರೈತರ ಒಕ್ಕೂಟ

ಕೋಲ್ಮನ್ ಅವರ ಸೇವಾವಧಿಯಲ್ಲಿಯೇ ಭಾರತದಲ್ಲಿ ವಿಜ್ಞಾನಿಗಳು ಒಂದೆಡೆ ಸೇರಿ ಚರ್ಚಿಸುವ ಪರಿಪಾಠ ಬೇರೂರಿತು. ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಮೊದಲ ಅಧಿವೇಶನ ೧೯೧೪ರಲ್ಲಿ ಕಲ್ಕತ್ತೆಯಲ್ಲಿ ನಡೆಯಿತು. ೧೯೧೭ರ ಅಧಿವೇಶನ ಬೆಂಗಳೂರಿನಲ್ಲಿ ಸೇರಿತು. ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಕೀಟಶಾಸ್ತ್ರಜ್ಞರ ಅಖಿಲ ಭಾರತ ಸಭೆಗಳು ೧೯೧೫, ೧೯೧೭ ಮತ್ತು ೧೯೧೯ರಲ್ಲಿ ನಡೆದವು. ಬೇರೆ ಬೇರೆ ಪ್ರಾಂತಗಳ ಕೀಟಶಾಸ್ತ್ರಜ್ಞರು ಒಂದೊಂದು ಬೆಳೆಯ ಕೀಟಗಳನ್ನೂ ಸಾಲಾಗಿ ಚರ್ಚಿಸಿ, ಎಲ್ಲಿ ಯಾವ ಕೀಟವಿದೆ, ಯಾವ ಉಪಾಯ ಫಲಿಸಿದೆ ಎಂಬುದನ್ನು ದಾಖಲಿಸುತ್ತಿದ್ದುದು ಈ ಸಭೆಗಳ ವಿಶೇಷ. ಇವುಗಳಲ್ಲಿ ಮೈಸೂರಿನ ಪರವಾಗಿ ಕುಂಞಿಕಣ್ಣನ್ ಭಾಗವಹಿಸಿದ್ದರು. ಸಂಸ್ಥಾನದ ಗದ್ದೆ ತೋಟಗಳಲ್ಲಿ ಕಂಡ ಸಂಗತಿಗಳು ಇವುಗಳ ನಡಾವಳಿಗಳ ಮೂಲಕ ದೇಶದ ಕೀಟಶಾಸ್ತ್ರಕ್ಕೆ ಸೇರಿದವು.

ಆದರೆ ವಿಜ್ಞಾನಿಗಳ ಸಭೆಯಲ್ಲಿ ತೀರ್ಮಾನವಾದ ವಿಷಯ ತಾನಾಗಿ ಹೊಲಕ್ಕೆ ತಲುಪುತ್ತಿರಲಿಲ್ಲ. ಒಂಟಾರಿಯೊದಲ್ಲಿ ರೈತರೇ ತಮ್ಮ ಹೊಲಗಳಲ್ಲಿ ಹೊಸ ಬೀಜ ಮತ್ತು ಗೊಬ್ಬರಗಳನ್ನು ಪರೀಕ್ಷಿಸಿ, ವಾರ್ಷಿಕ ಸಭೆಯಲ್ಲಿ ಫಲಿತಾಂಶವನ್ನು ಹಂಚಿಕೊಳ್ಳುವ ಒಕ್ಕೂಟವೊಂದಿತ್ತು. ಅದೇ ಬಗೆಯ ಹೆಸರಿನಲ್ಲಿ ಮೈಸೂರು ಅಗ್ರಿಕಲ್ಚರಲ್ ಅಂಡ್ ಎಕ್ಸ್‌ಪೆರಿಮೆಂಟಲ್ ಯೂನಿಯನ್ ೧೯೧೦ರ ದಶಕದ ಕೊನೆಯಲ್ಲಿ ಸ್ಥಾಪನೆಯಾಯಿತು. ಇದು ತನ್ನದೇ ನಿಯತಕಾಲಿಕೆಯನ್ನೂ ಹೊರತಂದಿತು. ಇಲಾಖೆಯ ಅಧಿಕಾರಿಗಳು, ಬೆಳೆಗಾರರು ಮತ್ತು ಸಂಶೋಧಕರು ಒಂದೇ ವೇದಿಕೆಯಲ್ಲಿ ಸೇರಲು ಈ ಒಕ್ಕೂಟ ಅವಕಾಶ ಕಲ್ಪಿಸಿತು.

ಕೃಷಿ ನಿರ್ದೇಶಕರಾಗಿ

ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ೧೯೧೩ರಲ್ಲಿ, ಕೋಲ್ಮನ್ ಕೃಷಿ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಈ ಶಾಲೆಯ ನೆಲದಲ್ಲಿಯೇ ೧೯೪೬ರಲ್ಲಿ ಕೃಷಿ ಕಾಲೇಜು ಮತ್ತು ೧೯೬೪ರಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದವು.

ರಾಗಿಯ ತಳಿ ಅಭಿವೃದ್ಧಿಯ ಕೆಲಸವೂ ಹೆಬ್ಬಾಳದಲ್ಲಿ ಇದೇ ಸಮಯಕ್ಕೆ ಆರಂಭವಾಯಿತು. ರಾಗಿಯ ಹೂವುಗಳು ಅತಿ ಸಣ್ಣವು ಮತ್ತು ಸ್ವಕೀಯ ಪರಾಗಸ್ಪರ್ಶ ಹೊಂದುವಂಥವು. ಆದುದರಿಂದ ಸಂಕರಣ ಆಗ ಬಹಳ ಕಷ್ಟವಾಗಿತ್ತು. ರೈತರ ಹೊಲಗಳ ಮಿಶ್ರ ರಾಗಿಯಿಂದ ಉತ್ತಮ ತೆನೆಗಳನ್ನು ಆಯ್ದು, ಒಂದೊಂದು ತೆನೆಯ ಸಂತತಿಯನ್ನೂ ಬೇರೆಯಾಗಿ ಬೆಳೆಸಿ ಹೋಲಿಸುವ ಶುದ್ಧತಳಿ ಆಯ್ಕೆಯ ವಿಧಾನವನ್ನು ಅನುಸರಿಸಲಾಯಿತು. ಈ ಆಯ್ಕೆಯಿಂದ ಬಂದ ಎಚ್. ೨೨ ತಳಿ ೧೯೧೮ರಲ್ಲಿ ಬಿಡುಗಡೆಯಾಯಿತು. ಮೈಸೂರಿನ ರಾಗಿ ಬೇಸಾಯವನ್ನು ಕುರಿತ ಪುಸ್ತಿಕೆಯನ್ನು ಕೋಲ್ಮನ್ ೧೯೨೦ರಲ್ಲಿ ಪ್ರಕಟಿಸಿದರು.

ಮಧ್ಯದಲ್ಲಿ ಕೆಲವು ವರ್ಷ ಕೆನಡಾಕ್ಕೆ ಹಿಂದಿರುಗಿದ್ದ ಕೋಲ್ಮನ್ ಪುನಃ ಮೈಸೂರಿಗೆ ಬಂದು ನಿರ್ದೇಶಕ ಹುದ್ದೆಯನ್ನು ವಹಿಸಿಕೊಂಡರು. ಕನ್ನಂಬಾಡಿ ಅಣೆಕಟ್ಟಿನ ನೀರು ಮಂಡ್ಯದ ಒಣಭೂಮಿಗೆ ಹರಿಯಲು ಆರಂಭಿಸಿದ ಕಾಲವದು. ಆ ನೀರಿನಲ್ಲಿ ಯಾವ ಬೆಳೆಯನ್ನು ಯಾವ ಸರದಿಯಲ್ಲಿ ಬೆಳೆಯಬೇಕು, ಬೆಳೆದ ಕಬ್ಬಿಗೆ ಮಾರುಕಟ್ಟೆ ಎಲ್ಲಿ ಎಂಬ ಪ್ರಶ್ನೆಗಳು ಮುಖ್ಯವಾದವು. ಮಂಡ್ಯದಲ್ಲಿ ಸಂಶೋಧನಾ ಕ್ಷೇತ್ರದ ಸ್ಥಾಪನೆ ಮತ್ತು ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪನಿಯ ಆರಂಭ ಈ ಎರಡರಲ್ಲಿಯೂ ಕೋಲ್ಮನ್ ಪ್ರಮುಖ ಪಾತ್ರ ವಹಿಸಿದರು. ೧೯೩೪ರಲ್ಲಿ ಅವರು ಮೈಸೂರಿನ ಸೇವೆಯಿಂದ ನಿವೃತ್ತರಾದರು.

ವರ್ಣತಂತುಗಳ ಸಂಶೋಧನೆ

ನಿವೃತ್ತಿಯ ನಂತರ ಕೆನಡಾಕ್ಕೆ ಮರಳಿದ ಕೋಲ್ಮನ್, ಆಡಳಿತದ ಹೊಣೆಯಿಂದ ಬಿಡುಗಡೆ ಹೊಂದಿ ಸೂಕ್ಷ್ಮದರ್ಶಕದ ಕೆಲಸಕ್ಕೆ ಹಿಂದಿರುಗಿದರು. ಅರವತ್ತು ದಾಟಿದ ವಯಸ್ಸಿನಲ್ಲಿ ಅವರು ಸಸ್ಯಗಳ ಮತ್ತು ಕೀಟಗಳ ವರ್ಣತಂತುಗಳ ರಚನೆಯನ್ನು ಕುರಿತು ಲೇಖನಗಳನ್ನು ಪ್ರಕಟಿಸಲಾರಂಭಿಸಿದರು. ವೆಲ್ತೀಮಿಯಾ ಮತ್ತು ರೀಯೊ ಎಂಬ ಸಸ್ಯಗಳ ಕೋಶವಿಜ್ಞಾನವನ್ನು ಕುರಿತ ಲೇಖನಗಳು ೧೯೪೦ ಮತ್ತು ೧೯೪೧ರಲ್ಲಿ ಅಮೆರಿಕದ ಸಸ್ಯಶಾಸ್ತ್ರ ಪತ್ರಿಕೆಯಲ್ಲಿ ಬಂದವು.

ಮಿಡತೆಗಳ ವರ್ಣತಂತುಗಳ ರಚನೆಯನ್ನು, ವಿಶೇಷವಾಗಿ ಎಕ್ಸ್ ವರ್ಣತಂತುವನ್ನು ಕುರಿತ ಅವರ ಲೇಖನ ೧೯೪೩ರಲ್ಲಿ ಜೆನೆಟಿಕ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ತಳಿವಿಜ್ಞಾನದ ಇತಿಹಾಸದಲ್ಲಿ ಮಿಡತೆಗೆ ವಿಶಿಷ್ಟ ಸ್ಥಾನವಿದೆ. ಅದರ ವರ್ಣತಂತುಗಳು ದೊಡ್ಡವು, ಸಂಖ್ಯೆಯಲ್ಲಿ ಕಡಿಮೆ. ಗಂಡು ಮಿಡತೆಯಲ್ಲಿ ಒಂದು ಎಕ್ಸ್ ವರ್ಣತಂತು, ಹೆಣ್ಣಿನಲ್ಲಿ ಎರಡು ಇರುತ್ತವೆ. ೨೦ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಮೆಕ್ಲಂಗ್ ಮತ್ತು ಸಟನ್ ಲಿಂಗನಿರ್ಧಾರ ಹಾಗೂ ಆನುವಂಶಿಕತೆಗೂ ವರ್ಣತಂತುಗಳಿಗೂ ಇರುವ ಸಂಬಂಧವನ್ನು ಕಂಡುಕೊಂಡದ್ದು ಮಿಡತೆಗಳ ಅಧ್ಯಯನದಿಂದಲೇ. ಮೂರು ದಶಕಗಳ ಹಿಂದೆ ಜೋಳದ ಹೊಲಗಳಲ್ಲಿ ಪಿಡುಗಾಗಿ ಕಂಡಿದ್ದ ಕೀಟವರ್ಗವನ್ನು ಕೋಲ್ಮನ್ ಈಗ ಜೀವಕೋಶದ ರಹಸ್ಯವನ್ನು ತಿಳಿಯುವ ಸಾಧನವಾಗಿ ನೋಡಿದರು. ಬಟಾಣಿ ಜಾತಿಯ ವಿಸಿಯಾ ಫಾಬಾ ಸಸ್ಯದ ಕಾಂಡದ ಕೋಶಕೇಂದ್ರಗಳನ್ನು ಕುರಿತ ಅವರ ಲೇಖನ ೧೯೫೦ರಲ್ಲಿ ಪ್ರಕಟವಾಯಿತು. ಆಗ ಅವರಿಗೆ ಎಪ್ಪತ್ತೆರಡು ವರ್ಷ. ೧೯೫೪ರ ಸೆಪ್ಟೆಂಬರಿನಲ್ಲಿ ಕೋಲ್ಮನ್ ನಿಧನರಾದರು.

ದಕ್ಷಿಣ ಕನ್ನಡದಲ್ಲಿ ಕೊಳೆರೋಗ ಹತೋಟಿಯ ಮುಂದುವರಿಕೆ

ಕೋಲ್ಮನ್ ಅವರ ಕಾಲದಲ್ಲಿ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದರಿಂದ ಅದು ಅವರ ಇಲಾಖೆಯ ವ್ಯಾಪ್ತಿಯಲ್ಲಿರಲಿಲ್ಲ. ಆದರೆ ರೋಗಕ್ಕೆ ಆಡಳಿತದ ಗಡಿ ಇರಲಿಲ್ಲ. ಘಟ್ಟದ ತಪ್ಪಲಿನ ಬೆಳ್ತಂಗಡಿ, ನೇತ್ರಾವತಿ ತೀರದ ಬಂಟ್ವಾಳ ಮತ್ತು ಮೂಡುಬಿದಿರೆಯ ಸುತ್ತಲಿನ ತೋಟಗಳಲ್ಲಿಯೂ ಮುಂಗಾರು ಭಾರಿಯಾಗಿ ಸುರಿಯುತ್ತದೆ. ಕರಾವಳಿಯಲ್ಲಿ ಮಹಾಳಿ ಎಂದೂ ಕರೆಯಲ್ಪಡುವ ಇದೇ ರೋಗ ಇಲ್ಲಿಯೂ ಬೆಳೆಗಾರರ ಮುಖ್ಯ ಆತಂಕ.

ಅಡಿಕೆಗಾಗಿ ಭಾರತೀಯ ಕೇಂದ್ರೀಯ ಅಡಿಕೆ ಸಮಿತಿ ೧೯೪೯ರಲ್ಲಿ ರಚನೆಯಾಯಿತು. ೧೯೫೬ರಲ್ಲಿ ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ ಕೇಂದ್ರೀಯ ಅಡಿಕೆ ಸಂಶೋಧನಾ ಕೇಂದ್ರ ಸ್ಥಾಪನೆಗೊಂಡಿತು. ೧೯೭೦ರಲ್ಲಿ ಕಾಸರಗೋಡಿನಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ರೂಪುಗೊಂಡಾಗ ವಿಟ್ಲದ ಕೇಂದ್ರ ಅದರ ಪ್ರಾದೇಶಿಕ ಕೇಂದ್ರವಾಯಿತು. ಮಂಗಳ, ಸುಮಂಗಳ, ಶ್ರೀಮಂಗಳ ಮೊದಲಾದ ತಳಿಗಳು ಇಲ್ಲಿನ ಆಯ್ಕೆಯಿಂದ ಬಂದವು. ತುಮಕೂರು ಜಿಲ್ಲೆಯ ಹಿರೇಹಳ್ಳಿಯ ಸಹಜ ಗಿಡ್ಡ ತಳಿಯನ್ನು ಎತ್ತರದ ತಳಿಗಳೊಂದಿಗೆ ಸಂಕರಿಸಿ ಗಿಡ್ಡ ಸಂಕರ ತಳಿಗಳನ್ನೂ ಅಭಿವೃದ್ಧಿಪಡಿಸಲಾಗಿದೆ. ಮರ ಗಿಡ್ಡವಾದಷ್ಟೂ ಗೊನೆಗೆ ಔಷಧಿ ತಲುಪಿಸುವುದು ಸುಲಭವೆಂಬುದು ಈ ಪ್ರಯತ್ನದ ಒಂದು ಪ್ರಯೋಜನ.

ಈಗ ಶಿಫಾರಸಿನಲ್ಲಿರುವ ಶೇಕಡ ೧ರ ಬೋರ್ಡೋ ದ್ರಾವಣಕ್ಕೆ ೧೦೦ ಲೀಟರ್ ನೀರಿಗೆ ೧ ಕಿಲೋಗ್ರಾಂ ಮೈಲುತುತ್ತ ಮತ್ತು ೧ ಕಿಲೋಗ್ರಾಂ ಸುಣ್ಣ ಬೇಕು. ಎರಡನ್ನೂ ಬೇರೆ ಬೇರೆಯಾಗಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು ಕಲಕಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಉಜ್ಜಿದ ಚಾಕುವನ್ನು ದ್ರಾವಣದಲ್ಲಿ ಅದ್ದಿದಾಗ ಅದರ ಮೇಲೆ ತಾಮ್ರದ ಕೆಂಬಣ್ಣ ಕೂತರೆ ಸುಣ್ಣ ಸಾಲದೆಂದು ತಿಳಿಯಬೇಕು. ಮೊದಲ ಸಿಂಪಡಣೆ ಮುಂಗಾರಿನ ಆರಂಭದಲ್ಲಿ, ಎರಡನೆಯದು ೪೦ರಿಂದ ೪೫ ದಿನಗಳ ನಂತರ. ಮಳೆ ಬಿಡುವು ಕೊಡದ ವರ್ಷಗಳಲ್ಲಿ ಎರಡನೆಯ ಸಿಂಪಡಣೆ ತಡವಾಗಿ ರೋಗ ಉಲ್ಬಣಿಸುತ್ತದೆ.

ನುರಿತ ಕೊನೆಗಾರರ ಕೊರತೆಯಿಂದಾಗಿ ನೆಲದಲ್ಲಿಯೇ ನಿಂತು ಸಿಂಪಡಿಸಲು ಕಾರ್ಬನ್ ಫೈಬರ್ ದೋಟಿಗಳು ಬಳಕೆಗೆ ಬಂದಿವೆ. ದೀರ್ಘಕಾಲದ ಸಿಂಪಡಣೆಯಿಂದ ಮಣ್ಣಿನಲ್ಲಿ ತಾಮ್ರ ಶೇಖರವಾಗುವುದು ಈ ಪದ್ಧತಿಯ ಮಿತಿ. ರೋಗವನ್ನು ಪೂರ್ಣವಾಗಿ ತಡೆಯಬಲ್ಲ ಅಡಿಕೆ ತಳಿ ಬೆಳೆಗಾರರ ಕೈಗೆ ಇನ್ನೂ ಬಂದಿಲ್ಲವಾದ್ದರಿಂದ, ಕೋಲ್ಮನ್ ಮಲೆನಾಡಿನಲ್ಲಿ ಬಳಕೆಗೆ ತಂದ ಬೋರ್ಡೋ ದ್ರಾವಣವೇ ಈ ತಾಲೂಕುಗಳ ತೋಟಗಳಲ್ಲಿ ಮುಖ್ಯ ರಕ್ಷಣೆಯಾಗಿ ಉಳಿದಿದೆ.